ಚಿಕ್ಕಪ್ಪನ ಮಳೆ ಪುಸ್ತಕ

2024ರ ಜುಲೈ. ಧರ್ಮಸ್ಥಳಕ್ಕೆಂದು ಬೆಂಗಳೂರಿನಿಂದ ಹೊರಟಿದ್ದೆವು. ಸಕಲೇಶಪುರದ ಹತ್ತಿರ ತೋಟದಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಶಿರಾಡಿ ಘಾಟಿ ಇಳಿಯುವುದು ಅಂತ ನಮ್ಮ ಲೆಕ್ಕ. ಹಾಸನ ಜಿಲ್ಲೆಗೆ ಆರೆಂಜ್ ಅಲರ್ಟ್ ಅಂತ ಮೊಬೈಲಿಗೆ ಬಂದಿತ್ತು, ನಿಜ. ಆದರೆ ಚನ್ನರಾಯಪಟ್ಟಣದಲ್ಲಿ ಎಳೆಬಿಸಿಲು! ‘ಇವರ ಅಲರ್ಟ್ ಇಷ್ಟೇ ನೋಡು’ ಅಂತ ನಮ್ಮ ಯಜಮಾನರು ನಕ್ಕರು.

ಆಲೂರು ದಾಟಿದ ಮೇಲೆ ಹಾಕಿದ ವೈಪರ್ ಮತ್ತೆ ನಿಲ್ಲಿಸಲಿಲ್ಲ. ಸಕಲೇಶಪುರದ ಸೇತುವೆ ಕೆಳಗೆ ಹೇಮಾವತಿ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ಹೊಳೆಮಲ್ಲೇಶ್ವರ ದೇವಸ್ಥಾನದ ಕಡೆ ಜನ ಕೊಡೆ ಹಿಡಿದು ನೀರು ನೋಡುತ್ತ ನಿಂತಿದ್ದರು.

ರಾತ್ರಿ ಬಿಸಿ ಕಡುಬು, ಕಳಲೆ ಪಲ್ಯ. ಊಟವಾದ ಮೇಲೆ ಚಿಕ್ಕಪ್ಪ ಉದ್ದನೆಯ ನೋಟ್‌ಬುಕ್ ತೆಗೆದರು. ಅಂಗಳದ ಮಳೆಮಾಪಕ ನೋಡಿ ದಿನಾ ಬೆಳಿಗ್ಗೆ ಬರೆದಿಟ್ಟದ್ದು. ಕಾಫಿ ತೋಟದವರ ಲೆಕ್ಕ ಇಂದಿಗೂ ಇಂಚು, ಸೆಂಟ್ಸ್‌ನಲ್ಲೇ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4ನ್ನೂ ಮೀರಿದರೆ ಅತ್ಯಂತ ಭಾರಿ ಅಂತ ಹವಾಮಾನ ಇಲಾಖೆ ಹೇಳುತ್ತದೆ. ‘ನಮ್ಮ ಲೆಕ್ಕದಲ್ಲಿ ಎರಡೂವರೆ, ನಾಲ್ಕೂವರೆ, ಎಂಟು ಇಂಚು ಕಣಮ್ಮ’ ಅಂದರು. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿರಿ, ಕೆಂಪು ಅಂದರೆ ಏಳಿ, ಏನಾದರೂ ಮಾಡಿ. ನಾನು ಇಷ್ಟು ದಿನ ಬರೀ ಬಣ್ಣ ನೋಡುತ್ತಿದ್ದೆ.

‘ಆದ್ರೆ ಬಣ್ಣ ನಂಬ್ಕೊಂಡು ಕೂತ್ರೂ ಆಗಲ್ಲ’ ಅಂತ 2018ರ ಆಗಸ್ಟಿನ ಪುಟ ತೆಗೆದರು. ಆ ವಾರ ಒಂದು ದಿನವೂ ಎಂಟು ಇಂಚು ಬಂದಿರಲಿಲ್ಲ. ದಿನಾ ನಾಲ್ಕು, ನಾಲ್ಕೂವರೆ. ಅದಕ್ಕೇ ಅವರು ಹೆದರಿರಲಿಲ್ಲ. ಲೈನ್ ಮನೆಯ ಅಜ್ಜಿಯೊಬ್ಬರು ಬಂದು, ‘ಅಯ್ಯಾ, ಹಿಂದ್ಗಡೆ ಜಲ ಒಡೆದದೆ, ನೀರು ಕೆಂಪಗೆ ಬರ್ತಾದೆ’ ಅಂದರಂತೆ. ಎಲ್ಲರನ್ನೂ ಎಬ್ಬಿಸಿ ಶಾಲೆಗೆ ಕಳಿಸಿದರು. ಬೆಳಗಾಗುವಷ್ಟರಲ್ಲಿ ಧರೆ ಜರಿದು ಎರಡು ಮನೆಯ ಹಿಂದಿನ ಗೋಡೆ ಇರಲಿಲ್ಲ. ಅವತ್ತಿನಿಂದ ಚಿಕ್ಕಪ್ಪ ಮೂರು ದಿನದ ಮಳೆ ಕೂಡಿಸಿ ನೋಡುತ್ತಾರೆ. ನೀರು ಕುಡಿದು ಭಾರವಾದ ಮಣ್ಣು ಇವತ್ತಿನ ಮಳೆಗೆ ಮಾತ್ರ ಜಾರುವುದಿಲ್ಲವಲ್ಲ.

ಅವರ ಇನ್ನೊಂದು ತಕರಾರು ನನಗೆ ಬಹಳ ಸರಿ ಅನಿಸಿತು. ಈ ಭಾಗದಲ್ಲಿ ಆನೆ ಕಾಟ. ಆನೆ ಯಾವ ಊರಿನ ಹತ್ತಿರ, ಯಾರ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ತಿಳಿಸುತ್ತಾರೆ. ‘ಆನೆಗೆ ತೋಟದ ಹೆಸರು ಹೇಳ್ತಾರೆ, ಮಳೆಗೆ ಮಾತ್ರ ಇಡೀ ಜಿಲ್ಲೆ! ಅರಸೀಕೆರೆಗೂ ನಮಗೂ ಒಂದೇ ಬಣ್ಣ ಅಂದ್ರೆ ಯಾರು ನಂಬ್ತಾರೆ?’ ಚನ್ನರಾಯಪಟ್ಟಣದಲ್ಲಿ ನಕ್ಕವರು ತಲೆ ತಗ್ಗಿಸಿ ಕಾಫಿ ಕುಡಿದರು.

ಬೆಳಿಗ್ಗೆ ಮೂರು ದಿನದ್ದು ಕೂಡಿಸಿದರೆ ಹನ್ನೊಂದು ಇಂಚು. ಚಿಕ್ಕಪ್ಪ ಕಾರಿನ ಕೀ ಕೊಡಲಿಲ್ಲ. ‘ಮಂಜುನಾಥ ಎಲ್ಲೂ ಹೋಗಲ್ಲ’ ಅಂದರು. ಇವರಿಗೆ ಸಿಟ್ಟು, ಮಗಳಿಗೆ ಬೇಜಾರು. ಅವತ್ತೇ ಘಾಟಿಯಲ್ಲಿ ಗುಡ್ಡ ಬಿತ್ತು ಅಂತ ಬರೆದರೆ ಕಥೆಗೆ ಚೆಂದ, ಆದರೆ ಹಾಗಾಗಲಿಲ್ಲ. ಅವತ್ತು ವಾಹನಗಳು ಆರಾಮಾಗಿ ಇಳಿದುಹೋದವು. ನಾವು ಇನ್ನೊಂದು ದಿನ ಕೂತು, ವಾಪಸ್ ಬೆಂಗಳೂರಿಗೆ ಬಂದೆವು. ಆದರೆ ಅದೇ ತಿಂಗಳು ದೊಡ್ಡತಪ್ಪಲು ಬಳಿ ಗುಡ್ಡ ಜರಿದು ಹೆದ್ದಾರಿ ಬಂದ್ ಆಯಿತು. 26ರಂದು ಕಡಗರವಳ್ಳಿ-ಯಡಕುಮರಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಟಿ.ವಿ. ನೋಡುತ್ತ ಇವರು ಏನೂ ಮಾತಾಡಲಿಲ್ಲ.

ಈಗ ಹಾಸನಕ್ಕೆ ಬಣ್ಣ ಬಂದ ದಿನ ನಾನೇ ಫೋನ್ ಮಾಡುತ್ತೇನೆ. ‘ಚಿಕ್ಕಪ್ಪಾ, ಮೂರು ದಿನದ್ದು ಎಷ್ಟಾಯ್ತು?’ ಕರೆಂಟು ಹೋಗಿ ಟವರ್ ಬ್ಯಾಟರಿ ಮುಗಿದರೆ ಫೋನ್ ಸಿಗುವುದಿಲ್ಲ. ಆಮೇಲೆ ಅವರೇ ಸಕಲೇಶಪುರಕ್ಕೆ ಬಂದಾಗ ಮಾಡುತ್ತಾರೆ, ‘ಹೆದರಿದ್ಯಾ? ಬರೀ ಆರೂವರೆ ಕಣಮ್ಮ’ ಅಂತ.