ಅಂಗಳದ ದೀಪ

2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆನಿಸಿದ ಕಾಡು ಅಂಚೆಟ್ಟಿಯ ಸೀಮೆಗೆ ಒತ್ತಿಕೊಂಡಿದೆ. ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಗಳು ಹೊಲಕ್ಕಿಳಿಯುತ್ತವೆ. ಅಜ್ಜಿ ಹೊರಗೆ ಕಾಲಿಡುವ ಮೊದಲೇ ಅಂಗಳದಲ್ಲಿ ಬೆಳಕಿರಲೆಂದು, ಹೊಸೂರಿನಲ್ಲಿ ದುಡಿಯುವ ಮೊಮ್ಮಗ ವೈ-ಫೈ ಬಲ್ಬೊಂದನ್ನು ತಂದು ಹಾಕಿದ.

ಮೊದಲ ದಿನ ಅದು ವೈ-ಫೈಗೆ ಸೇರಲೇ ಇಲ್ಲ. ಬಲ್ಬು ಗ್ರಹಿಸುತ್ತಿದ್ದುದು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ; ಫೋನು 5 ಗಿಗಾಹರ್ಟ್ಸ್‌ನಲ್ಲಿತ್ತು. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಮೇಲೆ ದೀಪ ಬೆಳಗಿತು. ಸಂಜೆ 6:30ಕ್ಕೆ ತಾನೇ ಹೊತ್ತಿಕೊಳ್ಳುವಂತೆ ಸಮಯ ಗೊತ್ತುಪಡಿಸಿ ಅವನು ಹೊಸೂರಿಗೆ ಮರಳಿದ.

ಮರುಸಂಜೆ ಫೋನಿನಲ್ಲಿ ‘ಆಫ್‌ಲೈನ್’ ಎಂದು ಕಂಡಿತು. ಕರೆ ಮಾಡಿದರೆ ಅಜ್ಜಿ, “ಹಗಲೊತ್ತು ಸ್ವಿಚ್ ಯಾಕಪ್ಪಾ? ಆರಿಸ್ಬಿಟ್ಟೆ” ಎಂದಳು. ಗೋಡೆಯ ಸ್ವಿಚ್ ಆರಿಸಿದರೆ ಬಲ್ಬಿಗೆ ವಿದ್ಯುತ್ತಿಲ್ಲ. ವಿದ್ಯುತ್ತಿಲ್ಲದೆ ಅದು ಯಾರ ಆಜ್ಞೆಯನ್ನೂ ಕೇಳದು. ಮುಟ್ಟಬೇಡವೆಂದು ಹಲವು ಬಾರಿ ಹೇಳಿದ. ಆದರೆ ಉಳಿತಾಯದ ಬದುಕು ಕೈಗೆ ಕಲಿಸಿದ ರೂಢಿ ಅದು. ದೀಪ ತಾನೇ ಹೊತ್ತುವುದೆಂದು ನಂಬಿದ ಅಜ್ಜಿ ಒಂದು ರಾತ್ರಿ ಕತ್ತಲಲ್ಲೇ ಅಂಗಳಕ್ಕಿಳಿದಳೆಂದು ತಿಳಿದಾಗ ಅವನಿಗೆ ನಿದ್ದೆ ಬರಲಿಲ್ಲ. ಅಜ್ಜಿಯ ಕೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದೀಪ ಹಾಕಿದ್ದು ತನ್ನ ತಪ್ಪೆಂದು ಅನ್ನಿಸಿತು.

ಭಾನುವಾರ ಸಾಧಾರಣ ಬಲ್ಬನ್ನೇ ಹಾಕಿ, ವೈರಿಂಗ್ ಕೆಲಸದವರಿಂದ ಸ್ವಿಚ್‌ಬೋರ್ಡಿನ ಹಿಂದೆ ವೈ-ಫೈ ರಿಲೇ ಕೂಡಿಸಿದ. ಈಗ ದೀಪ ಗೋಡೆಯ ಸ್ವಿಚ್ಚಿಗೂ ಓಗೊಡುತ್ತದೆ, ಫೋನಿಗೂ. ಅಜ್ಜಿ ಎಂದಿನಂತೆ ಬೆಳಗ್ಗೆ ಆರಿಸುತ್ತಾಳೆ. ಸಂಜೆ ಅಂಗಳ ಬೆಳಗುತ್ತದೆ.