ಮೊದಲ ಲಾಗಿನ್‌ಗೂ ಮುಂಚೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂಥ ಊರಿನ ಗ್ರಂಥಾಲಯದಲ್ಲಿ ಹತ್ತಾರು ಜನ ಬಳಸುವ ಕಂಪ್ಯೂಟರ್ ಇಟ್ಟರೆ, ಅದರ ಡಿಫಾಲ್ಟ್ ಪ್ರೊಫೈಲನ್ನು ಮೊದಲೇ ಕನ್ನಡಕ್ಕೆ ಹೊಂದಿಸಿಡಬೇಕು. ವಿಂಡೋಸ್‌ನಲ್ಲಿ ಹೊಸಬರು ಮೊದಲ ಸಲ ಲಾಗಿನ್ ಆದಾಗ 'ಡಿಫಾಲ್ಟ್' ಎಂಬ ಅಡಗಿದ ಫೋಲ್ಡರಿನ ನಕಲಿನಿಂದಲೇ ಅವರ ಪ್ರೊಫೈಲ್ ಶುರುವಾಗುತ್ತದೆ. ಅದರಲ್ಲಿ ಇಂಗ್ಲಿಷ್ ಕೀಲಿಮಣೆ ಮಾತ್ರ ಇದ್ದರೆ ಬಂದವರಿಗೆಲ್ಲ ಅದೇ ಗತಿ. ಬೇಕಾದವರು ಬದಲಿಸಿಕೊಳ್ಳಲಿ ಎನ್ನುವವರಿದ್ದಾರೆ. ಆದರೆ ಅರ್ಜಿ ತುಂಬಲು ಅರ್ಧ ಗಂಟೆಗೆ ಬಂದವರು ಸೆಟ್ಟಿಂಗ್ಸ್ ಹುಡುಕುತ್ತಾ ಕೂರುವುದಿಲ್ಲ. ಇಂಗ್ಲಿಷಿನಲ್ಲೇ ಹೊಡೆದು ಎದ್ದು ಹೋಗುತ್ತಾರೆ. ವಿಂಡೋಸ್‌ನ ಮೂಲ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್, ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ವಿನ್ಯಾಸ ರೂಢಿಯಾದ ಬೆರಳುಗಳಿಗೆ ಅದು ಒಗ್ಗದು. ಎರಡೂ ಇರಲಿ, ಇಂಗ್ಲಿಷೂ ಇರಲಿ. ಭಾಷೆಯ ಸೆಟ್ಟಿಂಗ್‌ಗಳನ್ನು ಹೊಸ ಬಳಕೆದಾರರಿಗೂ ನಕಲಿಸುವ ಗುಂಡಿ ರೀಜನ್ ವಿಭಾಗದಲ್ಲೇ ಇದೆ. ಅಲ್ಲಿಯವರೆಗೆ ಹೋಗುವವರು ಕಡಿಮೆ, ಅಷ್ಟೆ.

ಎಲ್ಲರಿಗೂ ಒಂದೇ ಖಾತೆ ಸಾಕಲ್ಲ ಎಂದರೆ, ಒಬ್ಬರು ಮುಚ್ಚಲು ಮರೆತ ಜಿಮೇಲ್ ಮುಂದಿನವರ ಕಣ್ಣೆದುರು ತೆರೆದೇ ಇರುತ್ತದೆ. ಬಳಸಿ ಹಳೆಯದಾದ ಖಾತೆಯನ್ನು ಮಾದರಿಯಾಗಿ ನಕಲಿಸುವುದೂ ಅಷ್ಟೇ ತಂಟೆ. ಉದಾಹರಣೆಗೆ, ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಬ್ರೌಸರ್ ನೆನಪಿಟ್ಟುಕೊಂಡ ವಿಳಾಸದಲ್ಲಿ ಜಿಲ್ಲೆ ಇನ್ನೂ ದಾವಣಗೆರೆಯೇ ಆಗಿದ್ದರೆ, ಆ ತಪ್ಪು ಹೊಸ ಖಾತೆಗಳಿಗೂ ಇಳಿಯಬಹುದು. ಹಾಗಾಗಿ ಯಾರೂ ಮುಟ್ಟದ ಖಾತೆಯಲ್ಲಿ ಹೊಂದಿಸಿ ಆಮೇಲೆ ನಕಲಿಸಬೇಕು. ಈಗಾಗಲೇ ಇರುವ ಖಾತೆಗಳಿಗೆ ಈ ಬದಲಾವಣೆ ತಟ್ಟುವುದಿಲ್ಲ. ಇದು ಕಂಪ್ಯೂಟರ್ ಜನರ ಕೈಗೆ ಹೋಗುವ ಮುಂಚೆಯೇ ಮುಗಿಸಬೇಕಾದ ಕೆಲಸ.