ಆದಾಮನ ಹೊಕ್ಕುಳು

ಆದಾಮನಿಗೆ ಹೊಕ್ಕುಳು ಇದ್ದಿತೇ? ಪ್ರಶ್ನೆಯನ್ನು ಕೇಳಿದೊಡನೆ ನಗು ಬರುವುದು ಸಹಜ. ತಾಯಿಯ ಗರ್ಭದಲ್ಲಿ ಬೆಳೆದವನಿಗೆ ಮಾತ್ರ ಹೊಕ್ಕುಳಬಳ್ಳಿಯ ಗುರುತು ಉಳಿಯುತ್ತದೆ. ಬೈಬಲಿನ ಆದಿಕಾಂಡದಂತೆ ಮೊದಲ ಮನುಷ್ಯನಿಗೆ ತಾಯಿಯೇ ಇರಲಿಲ್ಲ. ದೇವರೇ ಅವನನ್ನು ಮಣ್ಣಿನಿಂದ ರೂಪಿಸಿ ಪ್ರಾಣವನ್ನಿತ್ತನು. ಹಾಗಿದ್ದ ಮೇಲೆ ಅವನ ಒಡಲಿನ ಮೇಲೆ ಆ ಗುರುತೇಕೆ? ಇಲ್ಲವೆಂದರೆ ಅವನು ಪೂರ್ಣ ಮಾನವನಂತೆ ಕಾಣುವುದಿಲ್ಲ. ಇದೆಯೆಂದರೆ ಎಂದೂ ನಡೆಯದ ಹೆರಿಗೆಯೊಂದಕ್ಕೆ ಅದು ಸಾಕ್ಷಿ ನುಡಿಯುತ್ತದೆ. ಮಕ್ಕಳ ಒಗಟಿನಂತೆ ತೋರುವ ಈ ಪ್ರಶ್ನೆಗಾಗಿ ಒಬ್ಬ ವಿದ್ವಾಂಸನು ಜೀವಮಾನದ ಕೀರ್ತಿಯನ್ನೇ ಪಣವಾಗಿ ಒಡ್ಡಿದನು. ಆತನೇ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಆತನ ಗ್ರಂಥ 1857ರಲ್ಲಿ ಪ್ರಕಟವಾದ ‘ಆಂಫಲಾಸ್’. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಹೊಕ್ಕುಳು ಎಂದೇ ಅರ್ಥ.

ಗಾಸ್ ಹುಟ್ಟಿದ್ದು 1810ರಲ್ಲಿ, ವೂಸ್ಟರ್ ಪಟ್ಟಣದಲ್ಲಿ. ತಂದೆ ಊರೂರು ಅಲೆದು ಪುಟ್ಟ ಭಾವಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದ ಚಿತ್ರಕಾರ. ಬಡತನದ ಮನೆಯ ಹುಡುಗನು ಹದಿನೇಳನೆಯ ವಯಸ್ಸಿನಲ್ಲಿಯೇ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಫೌಂಡ್‌ಲೆಂಡಿನ ವ್ಯಾಪಾರದ ಮಳಿಗೆಯೊಂದರಲ್ಲಿ ಲೆಕ್ಕ ಬರೆಯಲು ಹೋದನು. 1832ರಲ್ಲಿ ಆತನ ಬಾಳಿನಲ್ಲಿ ಎರಡು ಸಂಗತಿಗಳು ನಡೆದವು. ಸೂಕ್ಷ್ಮದರ್ಶಕವನ್ನು ಕುರಿತ ಒಂದು ಹಳೆಯ ಗ್ರಂಥ ಕೈಗೆ ಬಂದು ಆತನನ್ನು ಪ್ರಕೃತಿಶಾಸ್ತ್ರದ ಉಪಾಸಕನನ್ನಾಗಿ ಮಾಡಿತು. ಅದೇ ವರ್ಷ ಆತನ ಮನಸ್ಸು ಸಂಪೂರ್ಣವಾಗಿ ದೇವರ ಕಡೆಗೆ ತಿರುಗಿತು. ಕೀಟದ ರೆಕ್ಕೆಯನ್ನು ನೋಡುವ ಕಣ್ಣೂ ಧರ್ಮಗ್ರಂಥವನ್ನು ಓದುವ ಕಣ್ಣೂ ಆತನಿಗೆ ಅಂದಿನಿಂದ ಬೇರೆ ಬೇರೆಯಾಗಿರಲಿಲ್ಲ. ಕೆನಡಾದಲ್ಲಿ ಬೇಸಾಯ, ಅಲಬಾಮದಲ್ಲಿ ಉಪಾಧ್ಯಾಯ ವೃತ್ತಿ, ಜಮೈಕದಲ್ಲಿ ಪಕ್ಷಿಗಳ ಸಂಗ್ರಹ ಇವೆಲ್ಲ ಮುಗಿದ ಬಳಿಕ 1848ರಲ್ಲಿ ಆತನು ಎಮಿಲಿ ಬೌಸ್ ಎಂಬ ವಿದುಷಿಯನ್ನು ಮದುವೆಯಾದನು. ದಂಪತಿಗಳಿಬ್ಬರೂ ‘ಪ್ಲಿಮತ್ ಸಹೋದರರು’ ಎಂಬ ಪಂಥಕ್ಕೆ ಸೇರಿದವರು. ಬೈಬಲಿನ ಒಂದೊಂದು ಅಕ್ಷರವನ್ನೂ ಸತ್ಯವೆಂದು ನಂಬಿದವರು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದನು. ಗಾಸ್ ಅಂದಿನ ದಿನಚರಿಯಲ್ಲಿ ಮಗನ ಜನನವನ್ನೂ ಜಮೈಕದಿಂದ ಹಸಿರು ಬಣ್ಣದ ಹಕ್ಕಿಯೊಂದು ಬಂದು ತಲುಪಿದುದನ್ನೂ ಒಟ್ಟಿಗೇ ಬರೆದಿಟ್ಟನಂತೆ!

ಇಂದು ನಗರದ ಮನೆಗಳ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನುಗಳು ಈಜಾಡುತ್ತಿದ್ದರೆ ಆ ಸೊಗಸಿಗೆ ಗಾಸ್ ಮಹಾಶಯನಿಗೂ ಕೃತಜ್ಞತೆ ಸಲ್ಲಬೇಕು. ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ತೆರೆದ ಮತ್ಸ್ಯಾಲಯಕ್ಕೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಆತನೊಬ್ಬ. ಮರುವರ್ಷ ಆತನು ಬರೆದ ‘ದಿ ಅಕ್ವೇರಿಯಮ್’ ಎಂಬ ಪುಸ್ತಕ ಆ ಹೆಸರನ್ನು ಮನೆಮಾತಾಗಿಸಿತು. 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವವೂ ದೊರೆಯಿತು. ಕಾಲೇಜಿನ ಮೆಟ್ಟಿಲನ್ನು ಹತ್ತದ ಲೆಕ್ಕದ ಗುಮಾಸ್ತನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯವೇನು ಬೇಕು?

ಆದರೆ ಅದೇ ಕಾಲದಲ್ಲಿ ಬಂಡೆಗಳು ಮಾತನಾಡಲಾರಂಭಿಸಿದ್ದವು. ಜಗತ್ತು ಕ್ರಿಸ್ತಪೂರ್ವ 4004ರಲ್ಲಿ ಸೃಷ್ಟಿಯಾಯಿತೆಂದು ಆರ್ಚ್‌ಬಿಷಪ್ ಅಷರ್ 1650ರಲ್ಲಿ ಬೈಬಲಿನ ವಂಶಾವಳಿಗಳ ಆಧಾರದಿಂದ ಲೆಕ್ಕ ಹಾಕಿದ್ದನು. ಬಹುಕಾಲ ಅದನ್ನು ಅಲುಗಿಸಿದವರಿರಲಿಲ್ಲ. ಚಾರ್ಲ್ಸ್ ಲಯಲ್ 1830ರಿಂದ 1833ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಭೂಗರ್ಭಶಾಸ್ತ್ರದ ಗ್ರಂಥವಾದರೋ, ಮಳೆ, ನದಿ, ಅಲೆ, ಜ್ವಾಲಾಮುಖಿಗಳ ನಿಧಾನವಾದ ಕೆಲಸದಿಂದಲೇ ನೆಲದ ಪದರಗಳು ರೂಪುಗೊಂಡವೆಂದೂ ಅದಕ್ಕೆ ಅಪಾರವಾದ ಕಾಲ ಹಿಡಿಯಿತೆಂದೂ ಸಾರಿತು. ಲೈಮ್ ರೀಜಿಸ್ ಕಡಲತೀರದಲ್ಲಿ ಮೇರಿ ಆ್ಯನಿಂಗ್ ಎಂಬ ಬಡ ಹೆಣ್ಣುಮಗಳು ಮನುಷ್ಯರಾರೂ ಕಂಡಿರದ ದೈತ್ಯ ಸರೀಸೃಪಗಳ ಪಳೆಯುಳಿಕೆಗಳನ್ನು ಬಂಡೆಯಿಂದ ಬಿಡಿಸಿ ತೆಗೆದಿದ್ದಳು. ಆರು ದಿನಗಳ ಸೃಷ್ಟಿಯನ್ನು ನಂಬಿದವರು ಇದಕ್ಕೆ ಏನನ್ನಬೇಕು? ಸೃಷ್ಟಿಯ ಒಂದು ದಿನವೆಂದರೆ ಒಂದು ಯುಗವೆಂದರು ಕೆಲವರು. ಎಲ್ಲವೂ ನೋಹನ ಕಾಲದ ಜಲಪ್ರಳಯದ ಕೆಲಸವೆಂದರು ಇನ್ನು ಕೆಲವರು. ಗಾಸ್ ಇವುಗಳಲ್ಲಿ ಯಾವ ದಾರಿಯನ್ನೂ ಹಿಡಿಯಲಿಲ್ಲ.

ಅಷ್ಟರಲ್ಲಿ ಮನೆಯ ಮೇಲೆ ಸಿಡಿಲೆರಗಿತು. 1857ರ ಫೆಬ್ರವರಿಯಲ್ಲಿ ಎಮಿಲಿ ಸ್ತನದ ಕ್ಯಾನ್ಸರಿನಿಂದ ನರಳಿ ತೀರಿಕೊಂಡಳು. ಮಗನಿಗೆ ಆಗ ಏಳು ವರ್ಷ. ತಾಯಿಯಿಲ್ಲದ ಆ ಮಗುವನ್ನು ಕರೆದುಕೊಂಡು ಗಾಸ್ ಲಂಡನ್ನನ್ನು ತೊರೆದು ಡೆವನ್ ಪ್ರಾಂತದ ಕಡಲ ದಡಕ್ಕೆ ಬಂದು ನೆಲೆಸಿದನು. ತಾಯಿ ಮಗುವಿನ ಬಂಧನದ ಗುರುತಾದ ಹೊಕ್ಕುಳಿನ ಹೆಸರನ್ನು ಹೊತ್ತ ಗ್ರಂಥ ಹೊರಬಂದದ್ದು ಆ ದುಃಖದ ವರ್ಷದಲ್ಲಿಯೇ.

ಗ್ರಂಥದ ವಾದ ಹೀಗೆ: ಜೀವದ ನಡೆಯೆಲ್ಲ ಒಂದು ಚಕ್ರ. ಮೊಟ್ಟೆಯಿಂದ ಕೋಳಿ, ಕೋಳಿಯಿಂದ ಮೊಟ್ಟೆ. ನಮ್ಮ ತಾರ್ಕಿಕರು ಬೀಜಾಂಕುರನ್ಯಾಯವೆಂದು ಕರೆದದ್ದೂ ಇದನ್ನೇ. ಚಕ್ರಕ್ಕೆ ಆದಿಯೆಂಬುದು ತನ್ನೊಳಗೆ ಇಲ್ಲವಾದ್ದರಿಂದ ಸೃಷ್ಟಿಕರ್ತನು ಅದನ್ನು ಎಲ್ಲಿಯಾದರೂ ಒಂದು ಕಡೆ ಪ್ರವೇಶಿಸಲೇಬೇಕು. ಎಲ್ಲಿ ಪ್ರವೇಶಿಸಿದರೂ ಅದಕ್ಕೆ ಹಿಂದಿನ ಸುತ್ತಿನ ಗುರುತುಗಳು ತಾವಾಗಿಯೇ ಬರುತ್ತವೆ. ಈ ಗಳಿಗೆಯಲ್ಲಿ ಸೃಷ್ಟಿಯಾದ ಮರವನ್ನು ಕಡಿದು ನೋಡಿದರೂ ಒಳಗೆ ವರ್ಷವರ್ಷದ ಬಳೆಗಳಿರುತ್ತವೆ. ಈಗತಾನೇ ಸೃಷ್ಟಿಯಾದ ನೀರಾನೆಯ ಹಲ್ಲುಗಳೂ ಸವೆದೇ ಇರುತ್ತವೆ. ಆದಾಮನಿಗೂ ಹೊಕ್ಕುಳು ಇದ್ದೇ ಇರುತ್ತದೆ. ಅಂತೆಯೇ ಭೂಮಿಯೂ ಪದರಗಳೊಡನೆ, ಪಳೆಯುಳಿಕೆಗಳೊಡನೆ, ಎಂದೂ ನಡೆಯದ ಒಂದು ಗತಕಾಲದ ಗುರುತುಗಳೊಡನೆ ಒಮ್ಮೆಗೇ ಸೃಷ್ಟಿಯಾಯಿತು!

ಗಾಸ್‌ನ ಪ್ರಾಮಾಣಿಕತೆಯನ್ನು ಇಲ್ಲಿ ಮೆಚ್ಚಲೇಬೇಕು. ಆತನು ಬಂಡೆಗಳ ಸಾಕ್ಷ್ಯವನ್ನು ಮುಚ್ಚಿಡಲಿಲ್ಲ, ತಿರುಚಲೂ ಇಲ್ಲ. ಪುರಾತನ ಪ್ರಾಣಿಗಳ ಕಲ್ಲಾದ ಮಲವನ್ನು ಕೂಡ ಮರೆಮಾಚದೆ ಎತ್ತಿಕೊಂಡು ಉತ್ತರ ಹೇಳಲು ಯತ್ನಿಸಿದನು. ಭೂಗರ್ಭಶಾಸ್ತ್ರಜ್ಞನ ಕೈಗೆ ಕಾಣುವುದೆಲ್ಲ ನಿಜ, ಅದರಿಂದ ಅವನು ಊಹಿಸುವ ಕಾಲ ಮಾತ್ರ ನಿಜವಲ್ಲ ಎಂಬುದು ಆತನ ನಿಲುವು. ಆಸ್ತಿಕರೂ ವಿಜ್ಞಾನಿಗಳೂ ಕೈಹಿಡಿದು ತನ್ನನ್ನು ಅಭಿನಂದಿಸುವರೆಂದು ಆತನು ಎದುರುನೋಡಿದನು.

ಆದದ್ದೇ ಬೇರೆ. ಇಬ್ಬರೂ ಕೈಬಿಟ್ಟರು. ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ ಗಾಸ್‌ಗೆ ಆಪ್ತಮಿತ್ರ. ಆತನ ಕಡಲಶಾಸ್ತ್ರವನ್ನು ಬಾಯ್ತುಂಬ ಹೊಗಳಿ ಬರೆದಿದ್ದವನು. ಆ ಮಿತ್ರನೇ ಪುಸ್ತಕದ ವಿಮರ್ಶೆ ಬರೆಯಲು ಒಪ್ಪದೆ, ದೇವರು ಬಂಡೆಗಳ ಮೇಲೆ ಬೇಡದ ದೊಡ್ಡ ಸುಳ್ಳೊಂದನ್ನು ಬರೆದಿಟ್ಟನೆಂದು ತನ್ನಿಂದ ನಂಬಲಾಗದೆಂದು ಪತ್ರ ಬರೆದನು. ನಾಸ್ತಿಕನ ಕುಹಕವನ್ನು ಗಾಸ್ ಸಹಿಸುತ್ತಿದ್ದನೋ ಏನೋ. ದೇವರ ಸತ್ಯಸಂಧತೆಯ ಹೆಸರಿನಲ್ಲಿಯೇ ಬಂದ ಈ ಪೆಟ್ಟು ನೇರವಾಗಿ ಎದೆಗೆ ತಾಗಿತು. ಪುಸ್ತಕ ಮಾರಾಟವಾಗಲಿಲ್ಲ, ಉಳಿದ ಪ್ರತಿಗಳು ರದ್ದಿಯ ಪಾಲಾದವು.

ತರ್ಕದಲ್ಲಿ ದೋಷವೆಲ್ಲಿ? ಅದನ್ನು ಯಾರೂ ಸುಳ್ಳೆಂದು ತೋರಿಸಲಾರರು ಎಂಬುದೇ ಅದರ ದೋಷ. ಜಗತ್ತು ಐದು ನಿಮಿಷಗಳ ಹಿಂದೆ, ನಮ್ಮೆಲ್ಲರ ನೆನಪುಗಳ ಸಮೇತ ಹುಟ್ಟಿತೆಂದರೂ ಅಲ್ಲಗಳೆಯುವ ಉಪಾಯವಿಲ್ಲವೆಂದು ಬರ್ಟ್ರಂಡ್ ರಸೆಲ್ 1921ರಲ್ಲಿ ತೋರಿಸಿದನು. ಎಂಥ ಸಾಕ್ಷ್ಯ ಬಂದರೂ ಜಗ್ಗದ ಮಾತು ಏನನ್ನೂ ತಿಳಿಸಿಕೊಡುವುದಿಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆಂದು ಇಂದಿನ ವಿಜ್ಞಾನ ಅಳೆದು ಹೇಳುತ್ತದೆ. ಕಿಂಗ್ಸ್‌ಲಿಯಂತೆ ಅದನ್ನು ಒಪ್ಪಿಕೊಂಡೂ ದೇವರನ್ನು ನಂಬುವ ಕ್ರೈಸ್ತರು ಅಸಂಖ್ಯಾತರು. ಆರು ದಿನಗಳ ಮಾತನ್ನೇ ಬಿಗಿಯಾಗಿ ಹಿಡಿದವರೂ ಇದ್ದಾರೆ. ಆದರೆ ಗಾಸ್ ಹಿಡಿದ ದಾರಿಯಲ್ಲಿ ನಡೆದವರು ವಿರಳ.

ಡಾರ್ವಿನ್ನನ ಮಹಾಗ್ರಂಥ 1859ರ ನವೆಂಬರಿನಲ್ಲಿ ಹೊರಬಂದಿತು. ಅದಕ್ಕೆ ಎರಡು ವರ್ಷ ಮೊದಲೇ ಹೂಕರ್ ಮತ್ತು ಡಾರ್ವಿನ್ ತನ್ನ ತಂದೆಯ ಮನಸ್ಸನ್ನು ಒರೆದು ನೋಡಿದ್ದರೆಂದು ಎಡ್ಮಂಡ್ ಬರೆಯುತ್ತಾನೆ. ಗಾಸ್ ತನ್ನ ನಂಬಿಕೆಯಿಂದ ಕದಲಲಿಲ್ಲ. ಆದರೂ ಕಡಲಿನ ಕೆಲಸವನ್ನು ಬಿಡಲಿಲ್ಲ. ಹೂವಿನಂತೆ ಅರಳುವ ಕಡಲಜೀವಿಗಳನ್ನು ಕುರಿತು 1858ರಿಂದ 1860ರವರೆಗೆ ಆತನು ರಚಿಸಿದ ಸಚಿತ್ರ ಗ್ರಂಥ ವಿದ್ವಾಂಸರ ಗೌರವಕ್ಕೆ ಪಾತ್ರವಾಯಿತು. ಡಾರ್ವಿನ್ನನೊಡನೆ ಪತ್ರವ್ಯವಹಾರವೂ ನಿಲ್ಲಲಿಲ್ಲ.

ಸೋಲಿನ ಭಾರವೆಲ್ಲ ಬಿದ್ದದ್ದು ಮನೆಯ ಮೇಲೆ. ಕ್ರಿಸ್‌ಮಸ್ ಹಬ್ಬವನ್ನೇ ಮೂಢಾಚಾರವೆಂದು ತಿಳಿದಿದ್ದ ತಂದೆ, ಸೇವಕಿಯರು ಕದ್ದುಮುಚ್ಚಿ ಮಾಡಿದ ಹಬ್ಬದ ಸಿಹಿಯಲ್ಲಿ ಒಂದು ತುಣುಕನ್ನು ಮಗನು ತಿಂದನೆಂದು ತಿಳಿದು, ಉಳಿದುದನ್ನು ಕೊಂಡೊಯ್ದು ಕಸದ ರಾಶಿಗೆ ಎಸೆದನು. ಹತ್ತನೆಯ ವಯಸ್ಸಿನಲ್ಲಿ ಹುಡುಗನಿಗೆ ದೊಡ್ಡವರಂತೆ ದೀಕ್ಷಾಸ್ನಾನವಾಯಿತು. 1867ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಕೆಲಸಕ್ಕೆ ಎಡ್ಮಂಡ್ ಲಂಡನ್ನಿಗೆ ಹೋದ ಮೇಲೂ ಅವನ ಆತ್ಮದ ಕ್ಷೇಮವನ್ನು ವಿಚಾರಿಸುವ ತಂದೆಯ ಪತ್ರಗಳು ಬೆನ್ನಟ್ಟಿ ಬರುತ್ತಿದ್ದವು. ತಂದೆಗೆ ಅದು ಪ್ರೀತಿ. ಮಗನಿಗೆ ಉಸಿರುಗಟ್ಟುವ ಬಂಧನ. ಕೊನೆಗೆ ಮಗನು ತಂದೆಯ ಮತವನ್ನು ತೊರೆದು ಸಾಹಿತ್ಯವನ್ನು ಆಶ್ರಯಿಸಿದನು. ಮುಂದೆ ಸರೋಜಿನಿ ನಾಯ್ಡು ಅವರಿಗೆ ಇಂಗ್ಲೆಂಡಿನ ಹಕ್ಕಿಗಳನ್ನು ಬಿಟ್ಟು ಭಾರತದ ಪ್ರಕೃತಿಯನ್ನು ಹಾಡಿರೆಂದು ಹಿತವಚನ ಹೇಳಿದ ವಿಮರ್ಶಕ ಈ ಎಡ್ಮಂಡ್ ಗಾಸ್‌ನೇ.

ತಂದೆ 1888ರಲ್ಲಿ ತೀರಿಕೊಂಡನು. ಮಗನು 1907ರಲ್ಲಿ, ಮೊದಲು ತನ್ನ ಹೆಸರನ್ನು ಹಾಕದೆ, ‘ತಂದೆ ಮತ್ತು ಮಗ’ ಎಂಬ ಆತ್ಮಕಥನವನ್ನು ಪ್ರಕಟಿಸಿದನು. ಕಟುವಾದ ಸತ್ಯಗಳ ನಡುವೆ ಕಡಲತೀರದ ಕೆಲವು ಪುಟಗಳು ಅದರಲ್ಲಿ ತಂಪಾಗಿ ನಿಂತಿವೆ. ಎದೆಮಟ್ಟದ ನೀರಿನಲ್ಲಿ ನಿಂತು ಬಂಡೆಯ ಸಂದುಗಳನ್ನು ತಡಕುವ ತಂದೆ. ಪಕ್ಕದಲ್ಲಿಯೇ ಕೊಳದೊಳಗೆ ಇಣುಕುವ ಮಗ. ಆ ಹೊತ್ತಿನಲ್ಲಿ ಇಬ್ಬರ ನಡುವೆ ಯಾವ ವಾದವೂ ಇರಲಿಲ್ಲ. ತಂದೆಯ ಪುಸ್ತಕಗಳನ್ನು ಓದಿ ಬಂದ ಸಂಗ್ರಹಕಾರರ ಕೈಯಿಂದಲೇ ಆ ಕೊಳಗಳು ಬರಿದಾದುದನ್ನೂ ಮಗನು ನೋವಿನಿಂದ ನೆನೆಯುತ್ತಾನೆ. ಸೃಷ್ಟಿಯ ಆದಿಯನ್ನು ಕುರಿತ ತಂದೆಯ ಉತ್ತರವನ್ನು ಲೋಕ ಮರೆಯಿತು. ಸೃಷ್ಟಿಯನ್ನು ಹೇಗೆ ನೋಡಬೇಕೆಂದು ಆತನು ಕಲಿಸಿದುದನ್ನು, ಆತನ ಮತವನ್ನು ತೊರೆದ ಮಗನೂ ಮರೆಯಲಿಲ್ಲ.